ಶೆಟವಿಯ ಬರಹ, ತಾಯಿಯ ಜೋಗುಳ

ರೋಣ ತಾಲೂಕಿನ ಸವಡಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವುದು ದುರ್ಗಸಿಂಹನ ಮೂಲಕ. ಕಿಸುಕಾಡು ನಾಡಿನ ಸಯ್ಯಡಿ ಎಂದು ಕವಿ ಹೇಳಿಕೊಂಡಿರುವ ಅಗ್ರಹಾರವೇ ಇಂದಿನ ಸವಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ವಸುಭಾಗಭಟ್ಟನ ಸಂಸ್ಕೃತ ಕೃತಿಯನ್ನು ಅನುಸರಿಸಿ 1031ರಲ್ಲಿ ಕನ್ನಡ ಪಂಚತಂತ್ರವನ್ನು ಚಂಪೂ ರೂಪದಲ್ಲಿ ರಚಿಸಿದನು. ನೀತಿಯನ್ನು, ಎಂದರೆ ಬುದ್ಧಿಯಿಂದ ಬದುಕನ್ನು ನಡೆಸುವ ಬಗೆಯನ್ನು ಬೋಧಿಸುವ ಗ್ರಂಥವದು. ಆದರೆ ಅದೇ ಊರಿನಲ್ಲಿ, ಅಷ್ಟೇ ಏಕೆ, ಉತ್ತರ ಕರ್ನಾಟಕದ ಅಸಂಖ್ಯ ಊರುಗಳಲ್ಲಿ, ಬುದ್ಧಿಗೆ ನಿಲುಕದ ಇನ್ನೊಂದು ಬರಹದ ನಂಬಿಕೆಯೂ ಉಳಿದುಬಂದಿದೆ. ಅದನ್ನು ಬರೆಯುವವಳು ಶೆಟವಿ. ಸಟವಿ, ಶೆಟಿಗೆವ್ವ ಎಂಬ ಹೆಸರುಗಳೂ ಅವಳಿಗುಂಟು. ಮಗು ಹುಟ್ಟಿದ ಐದನೆಯ ಅಥವಾ ಆರನೆಯ ರಾತ್ರಿ ಅವಳು ಬಂದು ಮಗುವಿನ ಹಣೆಯ ಮೇಲೆ ಆಯುಷ್ಯವನ್ನೂ ಸುಖದುಃಖಗಳನ್ನೂ ಬರೆದುಹೋಗುತ್ತಾಳೆ ಎಂಬುದು ನಂಬಿಕೆ. ಷಷ್ಠೀದೇವಿಯ ಹೆಸರೇ ಜನರ ಬಾಯಲ್ಲಿ ಹೀಗೆ ರೂಪಾಂತರಗೊಂಡಿತೆಂದು ವಿವರಿಸುವುದುಂಟು.

ಸವಡಿಯ ಒಂದು ಮನೆಯಲ್ಲಿ ಅಂಥದೊಂದು ರಾತ್ರಿ. ಎಂ.ಎ. ಓದುತ್ತಿದ್ದ ಹುಡುಗಿಯೊಬ್ಬಳು ಅಕ್ಕನ ಬಾಣಂತನಕ್ಕೆಂದು ಊರಿಗೆ ಬಂದಿದ್ದಳು. ಬರುವಾಗ ಚೀಲದಲ್ಲಿ ಪಿ. ಲಂಕೇಶರು ಕನ್ನಡಕ್ಕೆ ತಂದ ‘ದೊರೆ ಈಡಿಪಸ್’ ನಾಟಕವಿತ್ತು; ‘ಗ್ರೀಕ್ ರುದ್ರನಾಟಕದಲ್ಲಿ ವಿಧಿಯ ಪರಿಕಲ್ಪನೆ’ ಎಂಬ ವಿಷಯದ ಮೇಲೆ ಅವಳು ಪ್ರಬಂಧವೊಂದನ್ನು ಸಿದ್ಧಪಡಿಸಬೇಕಾಗಿತ್ತು. ಒಳಕೋಣೆಯಲ್ಲಿ ಮೊರದ ತುಂಬ ಜೋಳ, ಅದರ ಮೇಲೊಂದು ಎಣ್ಣೆಯ ದೀಪ, ಪಕ್ಕದಲ್ಲಿ ಬಿಳಿ ಹಾಳೆ, ಒಂದು ಪೆನ್ನು. ಹಾಳೆಯೂ ಪೆನ್ನೂ ಶೆಟವಿಗಾಗಿ. ಮನೆಯ ಹೆಂಗಸರು ಹೆಚ್ಚು ಮಾತನಾಡುತ್ತಿರಲಿಲ್ಲ. ಅಕ್ಕನ ಮೊದಲ ಕೂಸು ಎರಡು ವರ್ಷದ ಹಿಂದೆ ಹುಟ್ಟಿದ ವಾರದೊಳಗೇ ತೀರಿಕೊಂಡಿತ್ತು. ನಡುರಾತ್ರಿ ವಾಹನ ಸಿಕ್ಕಿರಲಿಲ್ಲ. ಸಿಕ್ಕು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಮಾತಾಡಿಸಲು ಬಂದವರೆಲ್ಲ ಆಗ ಹೇಳಿದ್ದು ಒಂದೇ ಮಾತು: ಶೆಟವಿ ಬರೆದದ್ದು ಅಷ್ಟೇ. ಆ ಮಾತು ಅಕ್ಕನಿಗೆ ಸಮಾಧಾನ ತಂದಿತೋ ಬಾಯಿ ಮುಚ್ಚಿಸಿತೋ ತಂಗಿಗೆ ಇಂದಿಗೂ ತಿಳಿದಿಲ್ಲ.

ಗ್ರೀಕರಲ್ಲಿ ಶೆಟವಿಗೆ ಹತ್ತಿರದವರು ಮೊಯಿರೈ ಎಂಬ ಮೂವರು ದೇವಿಯರು. ಕ್ಲೋಥೋ ಆಯುಷ್ಯದ ನೂಲನ್ನು ನೂಲುವವಳು, ಲಾಕೆಸಿಸ್ ಅದನ್ನು ಅಳೆದು ಹಂಚುವವಳು, ಆಟ್ರೊಪೊಸ್ ಕತ್ತರಿಸುವವಳು. ಕವಿ ಹೆಸಿಯಡ್ ತನ್ನ ‘ಥಿಯೊಗೊನಿ’ಯಲ್ಲಿ ಒಂದೆಡೆ ಅವರನ್ನು ರಾತ್ರಿಯ ಮಕ್ಕಳೆಂದೂ ಇನ್ನೊಂದೆಡೆ ಜ್ಯೂಸ್ ಮತ್ತು ಥೆಮಿಸರ ಮಕ್ಕಳೆಂದೂ ಹೇಳುತ್ತಾನೆ. ವಿಧಿಯು ಕತ್ತಲೆಯ ಸಂತಾನವೋ ನ್ಯಾಯದ ಸಂತಾನವೋ ಎಂಬ ಸಂದೇಹ ಆ ಎರಡು ಹೇಳಿಕೆಗಳಲ್ಲೇ ಉಳಿದುಕೊಂಡಿದೆ. ಮೆಲಿಯಾಗರ್ ಎಂಬ ವೀರನ ಕಥೆಯಲ್ಲಂತೂ ಅವರು ಮಗು ಹುಟ್ಟಿದ ಏಳನೆಯ ದಿನ ಬಾಣಂತಿಯ ಮನೆಗೇ ಬರುತ್ತಾರೆ. ಒಲೆಯಲ್ಲಿ ಉರಿಯುತ್ತಿರುವ ಕೊಳ್ಳಿ ಬೂದಿಯಾದ ದಿನ ಈ ಮಗು ಸಾಯುತ್ತದೆ ಎನ್ನುತ್ತಾರೆ. ತಾಯಿ ಆಲ್ಥಿಯಾ ಕೊಳ್ಳಿಯನ್ನು ಆರಿಸಿ ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾಳೆ. ಮುಂದೊಂದು ದಿನ ಮಗನು ತನ್ನ ಸೋದರರನ್ನು ಕೊಂದನೆಂಬ ಕೋಪದಲ್ಲಿ ಅದನ್ನು ಬೆಂಕಿಗೆ ಹಾಕುವವಳೂ ಅವಳೇ. ಬರೆದವರು ದೇವತೆಗಳಾದರೂ ಕೊಳ್ಳಿಯನ್ನು ಬಚ್ಚಿಟ್ಟ ಕೈ, ಉರಿಸಿದ ಕೈ ಎರಡೂ ತಾಯಿಯವು.

ಈಡಿಪಸ್‌ನ ಕಥೆಯಲ್ಲಿ ಮೊಯಿರೈ ಮನೆಗೆ ಬರುವುದಿಲ್ಲ. ಅಲ್ಲಿ ಮಾತನಾಡುವುದು ಡೆಲ್ಫಿಯ ದೈವವಾಣಿ. ಹುಟ್ಟುವ ಮಗನು ತಂದೆಯನ್ನು ಕೊಲ್ಲುವನೆಂದು ಕೇಳಿದ ಥೀಬ್ಸಿನ ದೊರೆ ಲಾಯಸ್ ಕೂಸಿನ ಕಾಲುಗಳನ್ನು ಚುಚ್ಚಿ ಬಿಗಿದು ಬೆಟ್ಟದಲ್ಲಿ ಬಿಸುಡಿಸುತ್ತಾನೆ. ಕುರುಬನ ಕರುಣೆಯಿಂದ ಕೂಸು ಕಾರಿಂತಿನ ಅರಮನೆಯಲ್ಲಿ ಬೆಳೆಯುತ್ತದೆ. ದೊಡ್ಡವನಾದ ಮೇಲೆ ಅದೇ ದೈವವಾಣಿಯನ್ನು, ತಾಯಿಯನ್ನೇ ವರಿಸುವೆ ಎಂಬ ಮಾತಿನೊಡನೆ, ತಾನೇ ಕೇಳಿ ಬೆಚ್ಚಿ, ಸಾಕಿದವರನ್ನೇ ಹೆತ್ತವರೆಂದು ನಂಬಿ, ಅವರಿಂದ ದೂರ ಓಡುತ್ತಾನೆ. ಓಡಿದ ದಾರಿಯೇ ಮೂರು ದಾರಿ ಕೂಡುವಲ್ಲಿ ತಂದೆಯ ಎದುರಿಗೂ ಥೀಬ್ಸಿನಲ್ಲಿ ತಾಯಿಯ ಎದುರಿಗೂ ಅವನನ್ನು ನಿಲ್ಲಿಸುತ್ತದೆ. ಕ್ರಿ.ಪೂ. 429ರ ಆಸುಪಾಸಿನಲ್ಲಿ ಸೊಫೊಕ್ಲಿಸ್ ರಚಿಸಿದನೆಂದು ಊಹಿಸಲಾಗುವ ನಾಟಕದಲ್ಲಿ ಇವೆಲ್ಲ ಆಗಿಹೋದ ಸಂಗತಿಗಳು. ರಂಗದ ಮೇಲೆ ನಡೆಯುವುದು ವಿಚಾರಣೆ ಮಾತ್ರ. ದೊರೆ ಕೇಳುತ್ತ ಹೋಗುತ್ತಾನೆ; ನಿಲ್ಲಿಸು ಎಂದವರ ಮಾತನ್ನೂ ಮೀರಿ ಕೇಳುತ್ತಾನೆ. ಗ್ರೀಕ್ ರುದ್ರನಾಟಕದ ಈ ಗಂಭೀರ ಲೋಕವನ್ನು ಕನ್ನಡಕ್ಕೆ ಮೊದಲು ತೋರಿಸಿದವರಲ್ಲಿ ಬಿ.ಎಂ.ಶ್ರೀ ಪ್ರಮುಖರು. ಸೊಫೊಕ್ಲಿಸನ ‘ಏಜಾಕ್ಸ್’ ನಾಟಕದ ಜಾಡಿನಲ್ಲಿ ಅವರು ಮಹಾಭಾರತದ ವಸ್ತುವಿಗೆ ‘ಅಶ್ವತ್ಥಾಮನ್’ ರೂಪ ಕೊಟ್ಟರು. ಅಂದಿನಿಂದ ತರಗತಿಗಳಲ್ಲಿ ‘ವಿಧಿ’ ಎಂಬ ಪದವು ಗ್ರೀಕ್ ನಾಟಕದ ಬೆನ್ನಿಗೇ ಬರುತ್ತದೆ. ಶೆಟವಿಯ ಹೆಸರು ಮಾತ್ರ ಅಲ್ಲಿ ಬರುವುದು ಅಪರೂಪ.

ಗ್ರೀಕ್ ಚಿತ್ರಕಾರರು ಈ ಕಥೆಯಿಂದ ಯಾವ ಗಳಿಗೆಗಳನ್ನು ಆರಿಸಿಕೊಂಡರು ಎಂಬುದು ವಿಚಾರಾರ್ಹವಾಗಿದೆ. ರೋಮಿನ ವ್ಯಾಟಿಕನ್ ಸಂಗ್ರಹದಲ್ಲಿ ಸುಮಾರು ಕ್ರಿ.ಪೂ. 470ರ ಒಂದು ಪಾನಪಾತ್ರೆಯಿದೆ. ಪ್ರಯಾಣಿಕನ ಟೋಪಿ ಧರಿಸಿದ ಈಡಿಪಸ್ ಕಾಲ ಮೇಲೆ ಕಾಲಿಟ್ಟು, ಗಲ್ಲಕ್ಕೆ ಕೈ ಹಚ್ಚಿ ಕುಳಿತಿದ್ದಾನೆ. ಎದುರಿನ ಕಂಬದ ಮೇಲೆ ಹೆಣ್ಣಿನ ಮುಖ, ಸಿಂಹದ ಮೈ, ರೆಕ್ಕೆಗಳುಳ್ಳ ಸ್ಫಿಂಕ್ಸ್. ಒಗಟು ಕೇಳಿಸಿಕೊಂಡು ಯೋಚಿಸುತ್ತಿರುವ ಮನುಷ್ಯನ ಚಿತ್ರವದು. ಪ್ಯಾರಿಸ್ಸಿನಲ್ಲಿರುವ, ಕ್ರಿ.ಪೂ. ಐದನೆಯ ಶತಮಾನದ ಇನ್ನೊಂದು ಪಾತ್ರೆಯ ಮೇಲೆ ಕುರುಬನೊಬ್ಬ ಎಳೆಗೂಸನ್ನು ಎತ್ತಿಕೊಂಡು ನಿಂತಿದ್ದಾನೆ. ಪಕ್ಕದಲ್ಲಿ ಬರೆದ ಹೆಸರಿಲ್ಲದಿದ್ದರೆ ಆ ಕೂಸು ಈಡಿಪಸ್ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಯಾವ ಊರಿನ ಯಾವ ಕೂಸಾದರೂ ಆಗಬಹುದಿತ್ತು. ಮೂರನೆಯದು ಸಿಸಿಲಿಯ ಸಿರಾಕ್ಯೂಸಿನಲ್ಲಿ ದೊರೆತ, ಕ್ರಿ.ಪೂ. ನಾಲ್ಕನೆಯ ಶತಮಾನದ ಒಂದು ಕುಂಭ. ಅದರ ಮೇಲಿನ ಚಿತ್ರವನ್ನು ಸೊಫೊಕ್ಲಿಸನ ನಾಟಕದ ದೃಶ್ಯವೆಂದು ಕಲಾವಿದ್ವಾಂಸರು ಅರ್ಥೈಸಿದ್ದಾರೆ. ಸುದ್ದಿ ತಂದ ಮುದುಕ ಮಾತನಾಡುತ್ತಿದ್ದಾನೆ, ದೊರೆ ಕೇಳುತ್ತಿದ್ದಾನೆ, ಇಬ್ಬರು ಎಳೆಯ ಹೆಣ್ಣುಮಕ್ಕಳಿದ್ದಾರೆ. ಹಿಂದೆ ನಿಂತ ಯೊಕಾಸ್ಟಾ ಮೇಲುದವನ್ನು ಮುಖದ ಬಳಿಗೆ ಎತ್ತಿದ್ದಾಳೆ. ದೊರೆಗೆ ಇನ್ನೂ ಗೊತ್ತಾಗಿಲ್ಲ, ಅವಳಿಗೆ ಗೊತ್ತಾಗಿದೆ.

ಈ ಮೂರರಲ್ಲಿ ಎಲ್ಲಿಯೂ ವಿಧಿಯ ಆಕೃತಿಯಿಲ್ಲ. ತಂದೆಯ ಕೊಲೆಯಾಗಲಿ ಕಣ್ಣು ಕಿತ್ತುಕೊಳ್ಳುವುದಾಗಲಿ ಇಲ್ಲ. ವಿಧಿಯ ಎದುರಿನಲ್ಲಿ ಮನುಷ್ಯರು ತಾವಾಗಿ ಮಾಡಿದ್ದಷ್ಟೇ ಇದೆ: ಒಬ್ಬ ಯೋಚಿಸಿದ, ಒಬ್ಬ ಕೂಸನ್ನೆತ್ತಿಕೊಂಡ, ಒಬ್ಬಳು ಸೆರಗಿಗೆ ಕೈ ಹಾಕಿದಳು.

ಆ ಸೆರಗಿನ ಹಿಂದೆ ಏನಿತ್ತು? ಸೊಫೊಕ್ಲಿಸ್ ಯೊಕಾಸ್ಟಾಳನ್ನು ಒಳಗೆ ಕಳಿಸಿಬಿಡುತ್ತಾನೆ. ಅವಳು ನೇಣು ಹಾಕಿಕೊಂಡದ್ದನ್ನು ದೂತನೊಬ್ಬ ಬಂದು ಹೇಳುತ್ತಾನೆ. ಗಂಡನಿಂದ ಗಂಡನನ್ನೂ ಮಗನಿಂದ ಮಕ್ಕಳನ್ನೂ ಹೆತ್ತೆನೆಂದು ಅವಳು ಹಾಸಿಗೆಯನ್ನು ನೋಡಿ ಅತ್ತಳೆಂದು ಅವನು ವರದಿ ಮಾಡುತ್ತಾನೆ. ಆ ಅಳಲನ್ನು ಪ್ರೇಕ್ಷಕರು ಅವಳ ಬಾಯಿಂದ ಕೇಳುವುದೇ ಇಲ್ಲ.

ಕೇಳಿಸುವುದು ಕನ್ನಡದಲ್ಲಿ. ಬೆಳಗಾವಿಯಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಉತ್ತರ ಕರ್ನಾಟಕದ ಹೆಂಗಸರ ಬಾಯಿಂದ ಸಂಗ್ರಹಿಸಿದ ಕಥೆಗಳಲ್ಲಿ ಒಂದು ಹೀಗಿದೆ. ಮಗನನ್ನೇ ಮದುವೆಯಾಗಿ ಅವನಿಂದ ಮಗುವನ್ನು ಪಡೆಯುವೆ ಎಂಬ ಹಣೆಬರಹ ಹೊತ್ತ ಹೆಣ್ಣೊಬ್ಬಳು ಅದನ್ನು ತಿಳಿದು, ಗಂಡಸರ ನೆರಳೇ ಬೇಡವೆಂದು ಕಾಡು ಸೇರುತ್ತಾಳೆ. ಹಣ್ಣು ತಿಂದು ಬದುಕುತ್ತಾಳೆ. ದಾರಿಯಲ್ಲಿ ಹೋಗುತ್ತಿದ್ದ ಅರಸನೊಬ್ಬ ಮೂತ್ರ ಮಾಡಿದ ಮರದ ಮಾವಿನಹಣ್ಣನ್ನು ತಿಂದು ಬಸಿರಾಗುತ್ತಾಳೆ. ಹುಟ್ಟಿದ ಗಂಡುಕೂಸನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಮುಂದೆ ಬೇಟೆಗೆ ಬಂದ ರಾಜಕುಮಾರನನ್ನು, ತನಗಿನ್ನು ಮಗನೇ ಇಲ್ಲವಲ್ಲ ಎಂಬ ಧೈರ್ಯದಿಂದ, ಮದುವೆಯಾಗುತ್ತಾಳೆ. ಮಗು ಹುಟ್ಟಿದಾಗ, ತಂದೆಯನ್ನು ಕೂಸಾಗಿದ್ದಾಗ ಸುತ್ತಿದ್ದ ಬಟ್ಟೆಯನ್ನು ಪದ್ಧತಿಯಂತೆ ಹೊರತೆಗೆದು ತರುತ್ತಾರೆ. ಅದು ಅವಳದೇ ಸೀರೆಯ ತುಂಡು. ಎಲ್ಲರೂ ಮಲಗುವವರೆಗೆ ಕಾದು, ಅವಳು ತೊಟ್ಟಿಲು ತೂಗುತ್ತ ಜೋಗುಳ ಹಾಡುತ್ತಾಳೆ. ಕೂಸನ್ನು ಮಗನೆಂದೂ ಮೊಮ್ಮಗನೆಂದೂ ಮೈದುನನೆಂದೂ ಕರೆಯುತ್ತಾಳೆ. ಹಾಡು ಮುಗಿದ ಮೇಲೆ ಸೀರೆಯನ್ನೇ ಹಗ್ಗ ಮಾಡಿ ನೇಣು ಹಾಕಿಕೊಳ್ಳುತ್ತಾಳೆ.

ಇರಾವತಿ ಕರ್ವೆಯವರು ಈ ಬಗೆಯ ಕಥೆಯ ಮರಾಠಿ ರೂಪವೊಂದನ್ನು 1950ರಲ್ಲಿಯೇ ಪ್ರಕಟಿಸಿದ್ದರು. ಗ್ರೀಕ್ ಕಥೆಯು ಮಗನ ಕಡೆಯಿಂದ ಸಾಗಿದರೆ ಈ ಕಥೆಯು ತಾಯಿಯ ಕಡೆಯಿಂದ ಸಾಗುತ್ತದೆ ಎಂಬುದನ್ನು ರಾಮಾನುಜನ್ ಗುರುತಿಸಿದರು. ಅದರ ಜೊತೆಗೆ ಇನ್ನೊಂದು ಸಂಗತಿಯನ್ನು ಸೇರಿಸಬಹುದು. ಈಡಿಪಸ್ ಸತ್ಯವನ್ನು ವಿಚಾರಣೆಯಿಂದ, ಸಾಕ್ಷಿಗಳಿಂದ, ದೊರೆಯ ಅಧಿಕಾರದಿಂದ ಹೊರಗೆಳೆಯುತ್ತಾನೆ. ಕನ್ನಡದ ತಾಯಿಗೆ ಆ ಅಧಿಕಾರವಿಲ್ಲ. ಅವಳಿಗಿರುವುದು ತಾನು ಉಟ್ಟ ಸೀರೆಯ ಗುರುತು. ಹಳೆಯ ಸೀರೆಗಳಿಂದ ಕೌದಿ ಹೊಲಿಯುವ, ಕುಂಚಿಗೆ, ಕುಲಾವಿಗಳನ್ನು ಪೆಟ್ಟಿಗೆಯಲ್ಲಿ ಕಾಪಿಡುವ ನಾಡಿನಲ್ಲಿ ಈ ಕಥೆ ಹೇಳಿದ ಹೆಂಗಸರಿಗೆ ಬಟ್ಟೆಯ ತುಂಡೇ ಸಾಕ್ಷಿಪತ್ರವಾಯಿತು. ದೈವವಾಣಿಗಿಂತ ನೂಲಿನ ನೇಯ್ಗೆಯನ್ನು ಅವರು ಚೆನ್ನಾಗಿ ಓದಬಲ್ಲವರಾಗಿದ್ದರು.

ಇದೇ ಜೋಗುಳ ಜೈನ ಕಥಾಸಾಹಿತ್ಯದಲ್ಲಿ ಬಹಳ ಹಿಂದೆಯೇ ಹಾಡಲ್ಪಟ್ಟಿದೆ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಸಂಘದಾಸಗಣಿಯ ಪ್ರಾಕೃತ ‘ವಸುದೇವಹಿಂಡಿ’ಯಲ್ಲಿಯೂ ಹನ್ನೆರಡನೆಯ ಶತಮಾನದ ಹೇಮಚಂದ್ರನ ‘ಪರಿಶಿಷ್ಟಪರ್ವ’ದಲ್ಲಿಯೂ ಬರುವ ಕುಬೇರದತ್ತನ ಕಥೆಯಿದು. ಮಥುರೆಯ ವೇಶ್ಯೆ ಕುಬೇರಸೇನೆ ತನ್ನ ಅವಳಿ ಮಕ್ಕಳಿಗೆ ಹೆಸರಿನ ಉಂಗುರಗಳನ್ನು ತೊಡಿಸಿ, ಪೆಟ್ಟಿಗೆಯಲ್ಲಿಟ್ಟು ಯಮುನೆಗೆ ಬಿಡುತ್ತಾಳೆ. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಕುಬೇರದತ್ತ ಮತ್ತು ಕುಬೇರದತ್ತೆಯರಿಗೆ ಒಬ್ಬರನ್ನೊಬ್ಬರು ಅರಿಯದೆ ಮದುವೆಯಾಗುತ್ತದೆ. ಉಂಗುರಗಳ ಹೋಲಿಕೆಯಿಂದ ನಿಜ ತಿಳಿದಾಗ ತಂಗಿ ದೀಕ್ಷೆ ಪಡೆಯುತ್ತಾಳೆ. ಅಣ್ಣ ವ್ಯಾಪಾರಕ್ಕೆಂದು ಮಥುರೆಗೆ ಹೋಗಿ, ತಿಳಿಯದೆ ತಾಯಿಯೊಡನೆಯೇ ಕೂಡಿ ಮಗುವನ್ನು ಪಡೆಯುತ್ತಾನೆ. ಅವಧಿಜ್ಞಾನದಿಂದ ಇದನ್ನರಿತ ಆರ್ಯಿಕೆ ಆ ಮನೆಗೇ ಬಂದಿಳಿದು, ಅಳುವ ಕೂಸನ್ನು ಆಡಿಸುತ್ತ ಸಂಬಂಧಗಳನ್ನು ಎಣಿಸುತ್ತಾಳೆ. ಕೂಸಿನೊಡನೆ ಆರು, ಅದರ ತಂದೆಯೊಡನೆ ಆರು, ತಾಯಿಯೊಡನೆ ಆರು, ಒಟ್ಟು ಹದಿನೆಂಟು. ಕೇಳಿದ ಕುಬೇರದತ್ತ ಸಂಸಾರವನ್ನು ತೊರೆಯುತ್ತಾನೆ. ಕುಬೇರಸೇನೆ ಶ್ರಾವಿಕೆಯ ವ್ರತ ಹಿಡಿಯುತ್ತಾಳೆ.

ಚುಚ್ಚಿದ ಕಾಲು, ಸೀರೆಯ ತುಂಡು, ಹೆಸರಿನ ಉಂಗುರ: ಮೂರು ಕಥೆಗಳಿಗೆ ಮೂರು ಗುರುತುಗಳು. ಮೂರರಲ್ಲಿಯೂ ಸಂಬಂಧಗಳ ಗೋಜಲನ್ನು ಬಾಯಿಬಿಟ್ಟು ಎಣಿಸುವವಳು ಹೆಣ್ಣು. ಗ್ರೀಕ್ ನಾಟಕದಲ್ಲಿ ಅದು ಮುಚ್ಚಿದ ಬಾಗಿಲಿನ ಹಿಂದಿನ ಅಳು, ಕನ್ನಡದ ಕಥೆಯಲ್ಲಿ ತೊಟ್ಟಿಲ ಬಳಿಯ ಕೊನೆಯ ಹಾಡು, ಜೈನ ಕಥೆಯಲ್ಲಿ ಎಚ್ಚರಿಸುವ ಪಾಠ. ಕಥೆಗಳು ಎಲ್ಲಿ ಮುಗಿಯುತ್ತವೆ ಎಂಬ ಭೇದವು ವಿಧಿಯ ಕುರಿತ ತಿಳಿವಳಿಕೆಯ ಭೇದವೂ ಹೌದು. ಜೈನ ದರ್ಶನದಲ್ಲಿ ಹಣೆಯ ಮೇಲೆ ಬರೆಯುವ ದೇವತೆಯಿಲ್ಲ. ಕಟ್ಟಿಕೊಂಡವನು ಜೀವನೇ, ಕಟ್ಟಿಕೊಂಡ ಕರ್ಮಕ್ಕೆ ಅವಧಿಯುಂಟು, ತೀವ್ರತೆ ಮಂದತೆಗಳುಂಟು, ನಿರ್ಜರೆಯೂ ಉಂಟು. ಆದ್ದರಿಂದ ಗುರುತು ಸಿಕ್ಕಿದ ಮೇಲೂ ಮಾಡಬೇಕಾದ ಕೆಲಸ ಉಳಿದಿರುತ್ತದೆ. ಆರ್ಯಿಕೆಯ ಜೋಗುಳದ ಬಳಿಕ ಯಾರೂ ನೇಣಿಗೆ ಕೈಯಿಡುವುದಿಲ್ಲ.

ಎಲ್ಲವೂ ಮೊದಲೇ ನಿಯತವಾಗಿದೆ ಎಂಬ ಆಜೀವಿಕರ ವಾದವನ್ನು ಜೈನ ಆಗಮವು ಎದುರಿಸಿದ ಬಗೆಯೂ ಇಲ್ಲಿ ನೆನಪಾಗುತ್ತದೆ. ‘ಉವಾಸಗದಸಾಓ’ ಅಂಗದಲ್ಲಿ ಸದ್ದಾಲಪುತ್ತನೆಂಬ ಕುಂಬಾರನಿದ್ದಾನೆ. ಈ ಮಡಕೆಗಳು ಶ್ರಮದಿಂದ ಆದವೋ ನಿಯತಿಯಿಂದ ಆದವೋ ಎಂದು ಮಹಾವೀರನು ಅವನನ್ನು ಕೇಳುತ್ತಾನೆ. ನಿಯತಿಯಿಂದ ಎನ್ನುತ್ತಾನೆ ಕುಂಬಾರ. ಹಾಗಾದರೆ ಯಾರಾದರೂ ಈ ಮಡಕೆಗಳನ್ನು ಕದ್ದರೆ, ಒಡೆದರೆ, ನಿನ್ನ ಹೆಂಡತಿಯ ಮೇಲೆ ಕೈಮಾಡಿದರೆ ಏನು ಮಾಡುವೆ? ದಂಡಿಸುತ್ತೇನೆ ಎನ್ನುತ್ತಾನೆ. ಎಲ್ಲವೂ ನಿಯತಿಯಾದರೆ ದಂಡನೆ ಯಾರಿಗೆ, ಏಕೆ? ತಾನು ಕೆಡುಕಿಗೆ ಗುರಿಯಾದಾಗ ಯಾರೂ ನಿಯತಿವಾದಿಯಾಗಿ ಉಳಿಯುವುದಿಲ್ಲವೆಂಬುದು ಈ ಸಂವಾದದ ತಿರುಳು. ಪಂಚತಂತ್ರದ ಪರಂಪರೆಯಲ್ಲಿ ಪ್ರಸಿದ್ಧವಾದ ಮೂರು ಮೀನುಗಳ ಕಥೆಯೂ ಇದೇ ದಿಕ್ಕಿನದು. ಬೆಸ್ತರು ಬರುವರೆಂದು ಕೇಳಿ ಒಂದು ಮೀನು ಮೊದಲೇ ಹೊರಟುಹೋಗುತ್ತದೆ, ಇನ್ನೊಂದು ಆ ಗಳಿಗೆಯಲ್ಲಿ ಹೊಳೆದ ಉಪಾಯದಿಂದ ಪಾರಾಗುತ್ತದೆ. ಆಗುವುದು ಆಗುತ್ತದೆ ಎಂದು ಕುಳಿತ ಯದ್ಭವಿಷ್ಯ ಮಾತ್ರ ಬಲೆಗೆ ಬೀಳುತ್ತದೆ. ಸಂಧಿವಿಗ್ರಹದ ಹೊಣೆ ಹೊತ್ತಿದ್ದ ಸವಡಿಯ ಕವಿಯು ಇಂಥ ಪರಂಪರೆಯನ್ನು ಕನ್ನಡಕ್ಕೆ ತರಲು ಆರಿಸಿಕೊಂಡದ್ದು ಆಕಸ್ಮಿಕವೆನಿಸುವುದಿಲ್ಲ.

ಹಾಗೆಂದು ಶೆಟವಿಯನ್ನು ಅಜ್ಞಾನವೆಂದು ತಳ್ಳಿಹಾಕಿದರೆ ಆ ರಾತ್ರಿಯ ಕೋಣೆ ಅರ್ಥವಾಗುವುದಿಲ್ಲ. ಮಗುವನ್ನು ಕಳೆದುಕೊಂಡ ತಾಯಿಗೆ ‘ತಪ್ಪು ನಿನ್ನದಲ್ಲ’ ಎಂದು ಹೇಳಲು ಊರಿಗೆ ಇದ್ದ ಭಾಷೆ ಅದೊಂದೇ. ಅದೇ ಭಾಷೆ, ಸಿಗದ ವಾಹನದ ಮೇಲೆ, ಮೀರಿದ ಹೊತ್ತಿನ ಮೇಲೆ ಹಾಳೆಯೊಂದನ್ನು ಎಳೆದು ಮುಚ್ಚಿತ್ತು. ವಿಧಿಯೆಂಬ ಮಾತಿಗೆ ಈ ಎರಡೂ ಕೆಲಸಗಳು ಬರುತ್ತವೆ. ಯಾವಾಗ ಯಾವುದನ್ನು ಮಾಡುತ್ತಿದೆಯೆಂದು ಪ್ರತಿಸಲವೂ ಕೇಳಬೇಕಾಗುತ್ತದೆ. ಈ ಸಲ ಆ ಮನೆಯವರು ಕೇಳಿದ್ದರು. ದಿನ ತುಂಬುವ ಮೊದಲೇ ಅಕ್ಕನನ್ನು ಆಸ್ಪತ್ರೆಯ ಸಮೀಪದ ನೆಂಟರ ಮನೆಯಲ್ಲಿ ಇರಿಸಿದ್ದರು. ಆ ನಿರ್ಧಾರ ಅಜ್ಜಿಯದು. ಶೆಟವಿಗಾಗಿ ಮೊರದಲ್ಲಿ ಜೋಳ ತುಂಬಿ ದೀಪ ಹಚ್ಚಿದವಳೂ ಅದೇ ಅಜ್ಜಿ.

ಹೊತ್ತು ಸರಿದಂತೆ ಬಾಣಂತಿಗೆ ನಿದ್ದೆ ಹತ್ತಿತು. ಹುಡುಗಿ ಮೆಲ್ಲಗೆ ಕೇಳಿದಳು. ಆ ಸೀಮೆಯಲ್ಲಿ ತಾಯಿ ಅವ್ವ, ಅಜ್ಜಿ ಅಮ್ಮ.

“ಅಮ್ಮಾ, ಹ್ವಾದ ಸಲ ಆಕಿ ಹಂಗ್ಯಾಕ ಬರದ್ಲು?”

ಅಜ್ಜಿ ಬತ್ತಿಯನ್ನು ಮುಂದಕ್ಕೆ ಸರಿಸಿದಳು. ಉತ್ತರ ತಡವಾಗಿ ಬಂತು.

“ನನಗೇನ ಗೊತ್ತ ಯವ್ವಾ. ಬರ್ಯೂದು ಆಕಿ ಕೆಲಸ, ಬರೀಲಿ. ಜೋಗುಳಾ ಹಾಡೂದು ನಮ್ಮ ಕೆಲಸ. ಅದನ್ನ ಮಾತ್ರ ಆಕಿಗೆ ಬಿಟ್ಟ ಕೊಡೂದಿಲ್ಲ.”

ಕೂಸು ಮಿಸುಕಿತು. ಅಜ್ಜಿ ತೊಟ್ಟಿಲ ಹಗ್ಗ ಹಿಡಿದಳು. ಅವಳು ಹಾಡಿದ್ದರಲ್ಲಿ ಮೊದಲು ಈ ಕೂಸಿನ ಹೆಸರಿಲ್ಲದ ಹೆಸರು ಬಂತು, ತಾಯಿಯ ತವರು ಬಂತು, ಸೋದರಮಾವಂದಿರು ಒಬ್ಬೊಬ್ಬರಾಗಿ ಬಂದರು. ಎರಡು ವರ್ಷದ ಹಿಂದೆ ಹೋದ ಕೂಸನ್ನೂ ಅವಳು ಈ ಕೂಸಿಗೆ ಅಣ್ಣನೆಂದು ಕರೆದಳು. ಆ ಮನೆಯಲ್ಲಿ ಅಂದಿನಿಂದ ಯಾರೂ ಆ ಸಂಬಂಧದ ಹೆಸರು ಹಿಡಿದಿರಲಿಲ್ಲ. ಮಲಗಿದ್ದಾಳೆಂದುಕೊಂಡ ಅಕ್ಕ ಕಣ್ಣು ತೆರೆದು ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ನಸುಕಿನಲ್ಲಿ ದೀಪ ಆರುವ ಹೊತ್ತಿಗೂ ಮೊರದ ಪಕ್ಕದ ಹಾಳೆ ಬಿಳಿಯಾಗಿಯೇ ಇತ್ತು. ಶೆಟವಿಯ ಅಕ್ಷರ ಕಣ್ಣಿಗೆ ಕಾಣುವಂಥದಲ್ಲ ಎಂದಳು ಅಜ್ಜಿ. ಹುಡುಗಿ ಅವಳ ಅಪ್ಪಣೆ ಕೇಳಿ ಅದೇ ಹಾಳೆಯನ್ನೂ ಅದೇ ಪೆನ್ನನ್ನೂ ತೆಗೆದುಕೊಂಡು, ರಾತ್ರಿ ಕೇಳಿದ ಜೋಗುಳವನ್ನು ನೆನಪಿದ್ದಷ್ಟು ಬರೆಯಲು ಕುಳಿತಳು. ಎರಡು ನುಡಿ ಮರೆತುಹೋಗಿದ್ದವು. ಅಜ್ಜಿ ಒಲೆಯ ಮುಂದಿನಿಂದಲೇ ಹೇಳಿ ತಿದ್ದಿದಳು.